ರಾಜನೂ ಇಲ್ಲ, ಒಂದೇ ಭಾಷೆಯೂ ಇಲ್ಲ: ಇಥಿಯೋಪಿಯಾದ ಗುರಾಗೆ ಜನ ಒಂದಾಗಿ ಉಳಿದದ್ದು ಹೇಗೆ?

ಪ್ರತಿ ವರ್ಷ ಸೆಪ್ಟೆಂಬರ್ ಮೂರನೇ ವಾರ ದಾಟುತ್ತಿದ್ದಂತೆ ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ಮರ್ಕಾಟೊ ಮಾರುಕಟ್ಟೆಯ ಗದ್ದಲ ಇಳಿಯತೊಡಗುತ್ತದೆ. ಆಫ್ರಿಕಾದ ಅತಿ ದೊಡ್ಡ ಬಯಲು ಮಾರುಕಟ್ಟೆಗಳಲ್ಲಿ ಒಂದೆಂದು ಹೆಸರಾದ ಜಾಗ ಅದು. ಅಲ್ಲಿ ಸಾಲಾಗಿ ಅಂಗಡಿಗಳ ಬಾಗಿಲು ಬೀಳುತ್ತವೆ. ನೈಋತ್ಯದ ಕಡೆ ಹೊರಟ ಬಸ್ಸುಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಸೆಪ್ಟೆಂಬರ್ 27ರ ಮೆಸ್ಕೆಲ್ ಹಬ್ಬಕ್ಕೆ ಗುರಾಗೆ ಜನ ಊರಿಗೆ ಹೊರಟಿರುತ್ತಾರೆ.

ಯಾರು ಈ ಗುರಾಗೆಗಳು? ಒಂದೇ ಸಾಲಿನಲ್ಲಿ ಹೇಳಲು ಹೋದರೆ ಎಡವಿ ಬೀಳುತ್ತೇವೆ. ಒಂದು ಭಾಷೆಯ ಜನ ಅನ್ನೋಣವೆಂದರೆ ಅವರಲ್ಲಿ ಹತ್ತಾರು ನುಡಿಗಳಿವೆ, ಒಂದರವರ ಮಾತು ಇನ್ನೊಂದರವರಿಗೆ ಅರ್ಥವಾಗದಷ್ಟು ದೂರದವೂ ಇವೆ. ಒಂದು ಧರ್ಮದ ಜನ ಅನ್ನೋಣವೆಂದರೆ ಅವರಲ್ಲಿ ಆರ್ಥೊಡಾಕ್ಸ್ ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ, ಕ್ಯಾಥೊಲಿಕರೂ ಪ್ರೊಟೆಸ್ಟೆಂಟರೂ ಇದ್ದಾರೆ. ಇವರನ್ನೆಲ್ಲ ಆಳಿದ ಒಬ್ಬ ಗುರಾಗೆ ರಾಜ ಇದ್ದನೇ ಅಂದರೆ ಅವನೂ ಇಲ್ಲ. ಇಷ್ಟಾದರೂ ಇಥಿಯೋಪಿಯಾದಲ್ಲಿ ಯಾರನ್ನು ಕೇಳಿದರೂ ‘ಗುರಾಗೆ’ ಅಂದರೆ ಯಾರು ಅಂತ ಥಟ್ಟನೆ ಹೇಳುತ್ತಾರೆ. ಇದು ಹೇಗೆ ಸಾಧ್ಯವಾಯಿತು ಅನ್ನುವುದೇ ಅವರ ಚರಿತ್ರೆಯ ತಿರುಳು. ನನ್ನ ಮಟ್ಟಿಗೆ ಉತ್ತರ ಎರಡು ಕಡೆ ಇದೆ: ಮನೆಯ ಹಿತ್ತಲಲ್ಲಿ ಬೆಳೆಯುವ ಒಂದು ಗಿಡದಲ್ಲಿ, ಮತ್ತು ಕೂತು ಮಾತಾಡಿ ಕಟ್ಟು ಮಾಡಿಕೊಳ್ಳುವ ಅವರ ಹಳೇ ಅಭ್ಯಾಸದಲ್ಲಿ.

ನಾಡು ಮತ್ತು ಮಾತು

ಗುರಾಗೆ ನಾಡು ಆಡಿಸ್ ಅಬಾಬಾದ ದಕ್ಷಿಣಕ್ಕೂ ನೈಋತ್ಯಕ್ಕೂ ಹಬ್ಬಿದೆ. ಮುಖ್ಯ ಪಟ್ಟಣ ವೊಲ್ಕಿಟೆ, ರಾಜಧಾನಿಯಿಂದ ಜಿಮ್ಮಾ ರಸ್ತೆಯಲ್ಲಿ ಸುಮಾರು 155 ಕಿ.ಮೀ. ಪೂರ್ವ ಭಾಗಕ್ಕೆ ಬುಟಾಜಿರಾ ಪಟ್ಟಣ. ಉತ್ತರಕ್ಕೆ ಅವಾಶ್ ನದಿ, ಪಶ್ಚಿಮಕ್ಕೆ ಗಿಬೆ ನದಿ, ಪೂರ್ವಕ್ಕೆ ಜಿವಾಯ್ ಸರೋವರ. ನಡುವೆ ಬೆನ್ನೆಲುಬಿನಂತೆ ಗುರಾಗೆ ಬೆಟ್ಟಸಾಲು, ತುದಿಯಲ್ಲಿ 3,700 ಮೀಟರಿಗೂ ಎತ್ತರ. ತಂಪು ಹವೆ, ಒಳ್ಳೆ ಮಳೆ, ಒತ್ತೊತ್ತಾದ ಊರುಗಳು.

ಬೆಟ್ಟದ ಈಚೆ ಆಚೆ ಜನರ ಗುಂಪುಗಳು ಬೇರೆ ಬೇರೆ. ಪಶ್ಚಿಮದವರು ‘ಸೆಬಾತ್ ಬೆತ್’, ಅಂದರೆ ಏಳು ಮನೆಯವರು: ಚಾಹಾ, ಎಝಾ, ಗುಮೆರ್, ಎನೆಮೊರ್, ಗ್ಯೆಟೊ, ಮುಹೆರ್ ಹೀಗೆ. ಹೆಸರು ಏಳಾದರೂ ಪಟ್ಟಿ ಎಲ್ಲರ ಬಾಯಲ್ಲೂ ಒಂದೇ ಇರುವುದಿಲ್ಲ. ಉತ್ತರದವರು ಕಿಸ್ತಾನೆ, ಸೊಡ್ಡೊ ಅಂತಲೂ ಕರೆಯುತ್ತಾರೆ. ನಡುವೆ ಮೆಸ್ಕಾನ್, ದೊಬ್ಬಿ. ಪೂರ್ವಕ್ಕೆ ಸಿಲ್ಟೆ, ವೊಲಾನೆ. ಜಿವಾಯ್ ಸರೋವರದ ದ್ವೀಪಗಳಲ್ಲಿ ಝಾಯ್.

ಈ ನುಡಿಗಳೆಲ್ಲ ಅರಬ್ಬಿ, ಹೀಬ್ರೂ, ಅಮ್ಹಾರಿಕ್ ಸೇರಿದ ಸೆಮಿಟಿಕ್ ಕುಟುಂಬಕ್ಕೆ ಸೇರಿದವು. ಆದರೆ ಸುತ್ತ ಇರುವವರು ಹೆಚ್ಚಾಗಿ ಕುಶಿಟಿಕ್ ಭಾಷೆಯವರು, ಒರೊಮೊ, ಹದಿಯಾ ಮೊದಲಾದವರು. ಶತಮಾನಗಳ ಒಡನಾಟದಿಂದ ಗುರಾಗೆ ನುಡಿಗಳಿಗೆ ಆ ಭಾಷೆಗಳ ಪದಗಳೂ ವಾಕ್ಯದ ಜಾಡೂ ಅಂಟಿಕೊಂಡಿವೆ. ವಿಚಿತ್ರ ಏನೆಂದರೆ ಸಿಲ್ಟೆ ನುಡಿಗೆ ಹತ್ತಿರದ ನೆಂಟ ಪಕ್ಕದ ಚಾಹಾ ಅಲ್ಲ. ದೇಶದ ಪೂರ್ವ ತುದಿಯ ಹರಾರ್ ನಗರದಲ್ಲಿ ಆಡುವ ಹರಾರಿ. ಹಾಗಾಗಿ ‘ಗುರಾಗೆ ಭಾಷೆ’ ಅನ್ನುವುದು ಭಾಷಾಶಾಸ್ತ್ರಜ್ಞರ ಲೆಕ್ಕದಲ್ಲಿ ಒಂದು ಭಾಷೆಯೂ ಅಲ್ಲ, ಒಂದು ನೇರ ಕವಲೂ ಅಲ್ಲ. ವುಲ್ಫ್ ಲೆಸ್ಲಾವ್ ಎಂಬ ವಿದ್ವಾಂಸರು ಜೀವಮಾನದ ಬಹುಪಾಲು ಈ ನುಡಿಗಳಿಗೇ ಕೊಟ್ಟರು. 1979ರಲ್ಲಿ ಅವರ ಗುರಾಗೆ ವ್ಯುತ್ಪತ್ತಿ ನಿಘಂಟು ಮೂರು ಸಂಪುಟಗಳಲ್ಲಿ ಬಂತು.

ಬರವಣಿಗೆಯ ಕಥೆ ಇನ್ನೂ ಹೊಸದು. ಅಮ್ಹಾರಿಕ್ ಬರೆಯುವ ಇಥಿಯೋಪಿಕ್ ಲಿಪಿಯಲ್ಲೇ ಇವನ್ನೂ ಬರೆಯುತ್ತಾರೆ. ಆದರೆ ತುಟಿ ದುಂಡಗೆ ಮಾಡಿ ಹೇಳುವ ಕೆಲವು ದನಿಗಳಿಗೆ ಅಕ್ಷರಗಳು ಸಾಲುತ್ತಿರಲಿಲ್ಲ. 2021ರಲ್ಲಿ ಬಂದ ಯೂನಿಕೋಡ್ 14ನೇ ಆವೃತ್ತಿಯಲ್ಲಿ ಗುರಾಗೆ ನುಡಿಗಳಿಗೆಂದೇ 28 ಅಕ್ಷರಗಳನ್ನು ಸೇರಿಸಿದರು. ಅಂದರೆ ಈ ಅಕ್ಷರಗಳಿಗೆ ಫೋನು, ಕಂಪ್ಯೂಟರಿನಲ್ಲಿ ಅಧಿಕೃತ ಜಾಗ ಸಿಕ್ಕಿದ್ದು ಮೊನ್ನೆ ಮೊನ್ನೆ.

ಎಲ್ಲಿಂದ ಬಂದರು?

ಗುರಾಗೆ ಹಿರಿಯರು ಹೇಳುವ ಕಥೆಗಳಲ್ಲಿ ಒಂದು ಜಾಸ್ತಿ ಪ್ರಚಾರದಲ್ಲಿದೆ. 14ನೇ ಶತಮಾನದ ಚಕ್ರವರ್ತಿ ಅಮ್ದಾ ಸೆಯೊನ್ (ಆಳ್ವಿಕೆ 1314–1344) ದಕ್ಷಿಣಕ್ಕೆ ದಂಡು ಕಳಿಸಿದ. ದಂಡಿನ ನಾಯಕನ ಹೆಸರು ಸೆಬ್ಹಾತ್. ಅವನು ಬಂದದ್ದು ಈಗಿನ ಎರಿಟ್ರಿಯಾದ ಗುರಾ ಎಂಬ ಊರಿನಿಂದ. ಆ ಸೈನಿಕರು ಇಲ್ಲೇ ನೆಲೆ ನಿಂತರು, ಅವರ ಮಕ್ಕಳೇ ಗುರಾಗೆ ಆದರು. ಪೂರ್ವದವರ ಕಥೆ ಬೇರೆ. ಅವರು ಬೆರಳು ತೋರಿಸುವುದು ಹರಾರ್ ಕಡೆಗೆ, ಇಸ್ಲಾಂ ತಂದ ಹಿರಿಯರ ಕಡೆಗೆ.

ಎರಡೂ ಸ್ವಲ್ಪ ಸ್ವಲ್ಪ ನಿಜವಿರಬಹುದು. ಆದರೆ ದಂಡಿನ ಕಥೆಯೊಂದರಿಂದಲೇ ಎಲ್ಲ ಬಗೆಹರಿಯುವುದಿಲ್ಲ. ಚಾಹಾ, ಸಿಲ್ಟೆ, ಕಿಸ್ತಾನೆ ನುಡಿಗಳು ಒಂದರಿಂದೊಂದು ಇಷ್ಟು ದೂರ ಸರಿಯಬೇಕಾದರೆ ಆರೇಳು ನೂರು ವರ್ಷ ಸಾಲದು. ಸೆಮಿಟಿಕ್ ಮಾತಾಡುವ ಜನ ಈ ಭಾಗದಲ್ಲಿ ಅದಕ್ಕೂ ಮೊದಲೇ ಇದ್ದಿರಬೇಕು. ಆಮೇಲೆ ಬಂದ ಸೈನಿಕರು, ಧರ್ಮಗುರುಗಳು, ಮೊದಲೇ ಇದ್ದ ಕುಶಿಟಿಕ್ ಜನ ಎಲ್ಲ ಬೆರೆತು ಈಗಿನ ಗುರಾಗೆ ಆದರು ಅಂದುಕೊಳ್ಳುವುದೇ ನನಗೆ ಸರಿ ಕಾಣುತ್ತದೆ.

ನೆಲದ ಮೇಲೆ ಹಳೆಯ ಕುರುಹೂ ಇದೆ. ಕಿಸ್ತಾನೆ ನಾಡಿನ ತಿಯಾ ಎಂಬಲ್ಲಿ ನೆಟ್ಟ ಕಲ್ಲಿನ 36 ಸ್ಮಾರಕಗಳಿವೆ. ಅವುಗಳಲ್ಲಿ 32 ಕಲ್ಲುಗಳ ಮೇಲೆ ಕೆತ್ತನೆ ಇದೆ. ಸಾಲಾಗಿ ಕತ್ತಿಗಳು, ಇನ್ನೂ ಯಾರೂ ಪೂರ್ತಿ ಓದಲಾಗದ ಗುರುತುಗಳು. ಕಲ್ಲುಗಳ ಕೆಳಗೆ ಗೋರಿಗಳಿವೆ. ಯುನೆಸ್ಕೊ 1980ರಲ್ಲೇ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಕಲ್ಲು ನಿಲ್ಲಿಸಿದವರು ಈಗಿನ ಗುರಾಗೆಗಳ ನೇರ ಪೂರ್ವಿಕರೇ ಅನ್ನುವುದಕ್ಕೆ ಪುರಾವೆಯಿಲ್ಲ. ಆದರೆ ಈ ಬೆಟ್ಟದ ಬುಡದಲ್ಲಿ ಸಂಘಟಿತವಾಗಿ ಬದುಕಿದ ಜನ ಬಹಳ ಹಿಂದಿನಿಂದಲೂ ಇದ್ದರು ಅನ್ನುವುದಂತೂ ಖಾತ್ರಿ.

ಹಿತ್ತಲಿನ ಎನ್ಸೆಟ್

ಈಗ ಗಿಡದ ವಿಷಯಕ್ಕೆ ಬರೋಣ. ಗುರಾಗೆ ಊರಿಗೆ ಹೋದ ಹೊಸಬರು ಮನೆ ಹಿಂದಿನ ತೋಟ ನೋಡಿ ಬಾಳೆತೋಟ ಅಂದುಕೊಳ್ಳುತ್ತಾರೆ. ಅದು ಎನ್ಸೆಟ್. ಬಾಳೆಯ ದಾಯಾದಿಯೇ, ಆದರೆ ಹಣ್ಣು ತಿನ್ನಲು ಬರುವುದಿಲ್ಲ, ಒಳಗೆಲ್ಲ ಗಟ್ಟಿ ಕರೀ ಬೀಜ. ನಮ್ಮ ಪಶ್ಚಿಮ ಘಟ್ಟದ ಬಂಡೆಗಳ ಸಂದಿಯಲ್ಲಿ ಕಲ್ಲುಬಾಳೆ ಬೆಳೆಯುತ್ತದಲ್ಲ, ಅದು ಇದೇ ಎನ್ಸೆಟ್ ಕುಲದ ಗಿಡ. ಇಲ್ಲಿ ಅದು ಕಾಡಿನಲ್ಲೇ ಉಳಿಯಿತು. ಅಲ್ಲಿ ಅದರ ಒಡಹುಟ್ಟು ಸುಮಾರು 2 ಕೋಟಿ ಜನರಿಗೆ ಹೊಟ್ಟೆ ತುಂಬಿಸುತ್ತದೆ. ಸಿದಾಮಾ, ಹದಿಯಾ, ಗೆದೆಒ ಜನರೂ ಎನ್ಸೆಟ್ ತಿನ್ನುವವರೇ, ಗುರಾಗೆಗಳಷ್ಟೇ ಅಲ್ಲ.

ತಿನ್ನುವುದು ಹಣ್ಣನ್ನಲ್ಲದಿದ್ದರೆ ಮತ್ತೇನನ್ನು? ದಿಂಡನ್ನು ಮತ್ತು ಗೆಡ್ಡೆಯನ್ನು. ಕೆಲಸ ಶುರುವಾಗುವುದು ವರ್ಷಗಳ ಹಿಂದೆ. ಒಂದು ಗೆಡ್ಡೆಯ ನಡುವಿನ ಮೊಳಕೆ ತೆಗೆದು ಮಣ್ಣಲ್ಲಿ ಹೂಳುತ್ತಾರೆ. ಅದರ ಸುತ್ತ ಹತ್ತಾರು ಕಂದುಗಳು ಏಳುತ್ತವೆ. ಕಂದುಗಳನ್ನು ಬಿಡಿಸಿ ನೆಡುತ್ತಾರೆ, ಮುಂದಿನ ವರ್ಷ ಕಿತ್ತು ಇನ್ನೂ ಅಗಲವಾಗಿ ನೆಡುತ್ತಾರೆ, ಮತ್ತೆ ಕಿತ್ತು ನೆಡುತ್ತಾರೆ. ಹೀಗಾಗಿ ಯಾವ ತೋಟದಲ್ಲೂ ಮೊಣಕಾಲುದ್ದದ ಗಿಡದಿಂದ ಹಿಡಿದು ಮನೆಯ ಮಾಡಿಗಿಂತ ಎತ್ತರದ ಗಿಡದವರೆಗೆ ಎಲ್ಲ ವಯಸ್ಸಿನವೂ ಇರುತ್ತವೆ. ನಾಲ್ಕರಿಂದ ಏಳು ವರ್ಷಕ್ಕೆ ಗಿಡ ಕಟಾವಿಗೆ ಬರುತ್ತದೆ. ಗೊನೆ ಬಿಡುವ ಮುಂಚೆಯೇ ಕಡಿಯಬೇಕು. ಬಿಟ್ಟರೆ ಗಿಡ ಕೂಡಿಟ್ಟ ಪಿಷ್ಟವೆಲ್ಲ ಹೂವಿಗೆ ಹೋಗುತ್ತದೆ.

ನೆಡುವುದು, ಕೀಳುವುದು, ಕಡಿಯುವುದು ಗಂಡಸರ ಪಾಲು. ಅಲ್ಲಿಂದ ಮುಂದಿನದೆಲ್ಲ ಹೆಂಗಸರದು. ದಿಂಡಿನಿಂದ ಸುಲಿದ ಪಟ್ಟೆಯನ್ನು ಓರೆಯಾಗಿ ನಿಲ್ಲಿಸಿದ ಹಲಗೆಗೆ ಒತ್ತಿ ಹಿಡಿದು ಬಿದಿರಿನ ಚಕ್ಕೆಯಿಂದ ಮೇಲಿಂದ ಕೆಳಕ್ಕೆ ಹೆರೆಯುತ್ತಾರೆ. ನಾರು ಕೈಯಲ್ಲಿ ಉಳಿಯುತ್ತದೆ, ತಿರುಳು ಕೆಳಗೆ ಬೀಳುತ್ತದೆ. ಗೆಡ್ಡೆಯನ್ನು ಹಲ್ಲಿರುವ ಮರದ ಸಲಕರಣೆಯಿಂದ ಕುಟ್ಟಿ ಪುಡಿ ಮಾಡುತ್ತಾರೆ. ನೆರೆಮನೆಯ ಹೆಂಗಸರು ಮುಯ್ಯಿ ಸೇರಿ ಮಾಡುವ ಕೆಲಸ ಇದು. ಬೆಳಗ್ಗೆ ಶುರುವಾದರೆ ಸಂಜೆ ತನಕ ಸೊಂಟ ಬಗ್ಗಿಸಿಯೇ ಇರಬೇಕು. ಹಿಂಡಿದಾಗ ಇಳಿಯುವ ನೀರಿನ ತಳದಲ್ಲಿ ಬೆಳ್ಳಗೆ ಕೂರುವ ಪಿಷ್ಟ ‘ಬುಲ್ಲಾ’. ಅದು ಮೇಲ್ದರ್ಜೆಯದು. ಅದರ ಗಂಜಿಯನ್ನು ಬಾಣಂತಿಗೂ ಅತಿಥಿಗೂ ಕೊಡುತ್ತಾರೆ. ಉಳಿದ ತಿರುಳನ್ನು ಎನ್ಸೆಟ್ ಎಲೆ ಹಾಸಿದ ಗುಂಡಿಯಲ್ಲಿ ತುಂಬಿ, ಮೇಲೂ ಎಲೆ ಮುಚ್ಚಿ, ಕಲ್ಲು ಹೇರಿ ಹುಳಿ ಬರಲು ಬಿಡುತ್ತಾರೆ. ತಿಂಗಳುಗಟ್ಟಲೆ ಹಾಗೇ ಇರುತ್ತದೆ, ವರ್ಷ ದಾಟಿದರೂ ಕೆಡುವುದಿಲ್ಲ. ಆಗಾಗ ಗುಂಡಿ ಬಿಚ್ಚಿ ಎಲೆ ಬದಲಿಸುತ್ತಾರೆ.

ಹುಳಿ ಬಂದ ಈ ಹಿಟ್ಟೇ ‘ಕೊಚೊ’. ಬೇಕಾದಷ್ಟು ತೆಗೆದು, ಹಿಂಡಿ, ನಾರೆಳೆ ಇದ್ದರೆ ಕತ್ತಿಯಿಂದ ಸಣ್ಣಗೆ ಕೊಚ್ಚಿ, ಎಲೆಯಲ್ಲಿ ಸುತ್ತಿ ಹೆಂಚಿನ ಮೇಲೆ ಬೇಯಿಸಿದರೆ ರೊಟ್ಟಿ. ಕಂದುಬಿಳುಪು ಬಣ್ಣ, ಸ್ವಲ್ಪ ರಬ್ಬರಿನಂತೆ ಜಗಿಯಬೇಕು, ಹುಳಿ ವಾಸನೆ ಗಾಢ. ಮೊದಲ ಸಲ ತಿಂದವರೆಲ್ಲ ಮೆಚ್ಚುತ್ತಾರೆ ಅಂತ ಸುಳ್ಳು ಹೇಳುವುದಿಲ್ಲ. ಎಳೆ ಗಿಡದ ಗೆಡ್ಡೆಯನ್ನು ಹಾಗೇ ಬೇಯಿಸಿ ತಿಂದರೆ ‘ಆಮಿಚೊ’.

ಗಿಡದಲ್ಲಿ ಬಿಸಾಡುವುದು ಏನೂ ಇಲ್ಲ. ನಾರು ಹಗ್ಗಕ್ಕೆ, ಚೀಲಕ್ಕೆ. ಎಲೆ ತಟ್ಟೆಗೆ, ಛತ್ರಿಗೆ, ದನದ ಮೇವಿಗೆ. ಕೆಲವು ತಳಿಗಳ ಗೆಡ್ಡೆಯನ್ನು ಮೂಳೆ ಮುರಿದವರಿಗೆ ತಿನ್ನಿಸುತ್ತಾರೆ.

ಇಷ್ಟು ವಿವರ ಯಾಕೆ ಹೇಳಿದೆ ಅಂದರೆ ಗುರಾಗೆ ಸಮಾಜದ ಆಕಾರವೇ ಈ ಗಿಡದಿಂದ ಬಂದಿದೆ. ಒಬ್ಬ ಮನುಷ್ಯನಿಗೆ ವರ್ಷಕ್ಕೆ ಹದಿನೈದರಷ್ಟು ಗಿಡ ಇದ್ದರೆ ಸಾಕು ಅನ್ನುತ್ತಾರೆ. ಅಂದರೆ ಚಿಕ್ಕ ಹಿತ್ತಲೇ ಒಂದು ಸಂಸಾರವನ್ನು ಸಾಕುತ್ತದೆ. ಕಾಳಿನ ಬೆಳೆಗೆ ಸುಗ್ಗಿಯ ದಿನ ಅಂತ ಇರುತ್ತದೆ, ಆ ವರ್ಷ ಮಳೆ ಕೈಕೊಟ್ಟರೆ ಕಣಜ ಖಾಲಿ. ಎನ್ಸೆಟ್ ಯಾವ ತಿಂಗಳಲ್ಲಾದರೂ ಕಡಿಯಬಹುದು, ಒಂದು ವರ್ಷದ ಬರಕ್ಕೆ ಜಗ್ಗುವುದಿಲ್ಲ. 1984ರ ಸುಮಾರಿಗೆ ಇಥಿಯೋಪಿಯಾದ ಉತ್ತರದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ ಎನ್ಸೆಟ್ ನಾಡುಗಳು ಆ ಮಟ್ಟಿಗೆ ನರಳಲಿಲ್ಲ. ಇನ್ನೊಂದು ಮುಖ್ಯ ಮಾತು: ನೆಟ್ಟು ಬೆಳೆದ ತೋಟ ಇದ್ದರೆ ಗಂಡಸು ತಿಂಗಳುಗಟ್ಟಲೆ ಊರಲ್ಲಿ ಇಲ್ಲದಿದ್ದರೂ ಮನೆ ನಡೆಯುತ್ತದೆ. ಗುರಾಗೆಗಳು ಪೇಟೆಗೆ ಹೋಗಿ ಗೆದ್ದ ಗುಟ್ಟು ಅರ್ಧ ಇಲ್ಲಿದೆ. ಆ ಗೆಲುವಿನ ಹೊರೆ ಬಿದ್ದದ್ದು ಊರಲ್ಲಿ ಉಳಿದ ಹೆಂಗಸರ ಸೊಂಟದ ಮೇಲೆ ಅನ್ನುವುದನ್ನು ಜಾಸ್ತಿ ಜನ ಹೇಳುವುದಿಲ್ಲ.

ಎನ್ಸೆಟ್‌ಗೂ ದೌರ್ಬಲ್ಯವಿದೆ. ಒಂದು, ಅದರಲ್ಲಿ ಪಿಷ್ಟ ತುಂಬಿದೆ, ಪ್ರೋಟೀನ್ ಬಹಳ ಕಡಿಮೆ. ಹಾಗಾಗಿ ದನ ಬೇಕೇ ಬೇಕು. ಹಾಲು, ಬೆಣ್ಣೆ, ಗಿಣ್ಣಿನಂಥ ‘ಅಯಿಬ್’, ಮಾಂಸ. ದನದ ಗೊಬ್ಬರ ಇಲ್ಲದೆ ತೋಟವೂ ಇಲ್ಲ. ಎರಡು, ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ತಾಗಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಹೂಳಬೇಕು. ಕಡಿಯುವ ಕತ್ತಿಯಿಂದಲೇ ರೋಗ ಗಿಡದಿಂದ ಗಿಡಕ್ಕೆ ಹರಡುತ್ತದೆ.

ಹುಲ್ಲಿನ ಬೀದಿ, ಮರದಡಿಯ ಕಟ್ಟಳೆ

ಗುರಾಗೆ ಊರಿನ ಚಿತ್ರ ಒಮ್ಮೆ ನೋಡಿದವರು ಮರೆಯುವುದಿಲ್ಲ. ನಡುವೆ ಅಗಲವಾದ, ಉದ್ದನೆಯ ಹಸಿರು ಹುಲ್ಲಿನ ಬೀದಿ. ಎರಡೂ ಕಡೆ ದುಂಡನೆಯ ಹುಲ್ಲುಮಾಡಿನ ಮನೆಗಳು, ಪ್ರತಿ ಮನೆಯ ಹಿಂದೆ ಎನ್ಸೆಟ್ ತೋಟ. ಬೀದಿಗೆ ‘ಜೆಫೊರೆ’ ಅನ್ನುತ್ತಾರೆ. ಅದು ಯಾರ ಸ್ವತ್ತೂ ಅಲ್ಲ, ಎಲ್ಲರದೂ ಹೌದು. ದನ ಮೇಯುವುದು, ಮಕ್ಕಳು ಆಡುವುದು, ಮದುವೆ, ಸಾವಿನ ಅಳು, ಊರಿನ ಸಭೆ ಎಲ್ಲ ಅಲ್ಲೇ. ಅಗಲ ಎಷ್ಟಿರಬೇಕು ಅಂತ ಹಿರಿಯರು ಅಳೆದು ಗೊತ್ತು ಮಾಡಿರುತ್ತಾರೆ. ಬೇಲಿಯನ್ನು ಒಂದು ಹೆಜ್ಜೆ ಮುಂದೆ ತಂದವನಿಗೆ ದಂಡ ಬೀಳುತ್ತದೆ. ಭೂಮಿಗೆ ಇಷ್ಟು ಒತ್ತಡ ಇರುವ ನಾಡಿನಲ್ಲಿ ಇಷ್ಟು ಅಗಲದ ಹುಲ್ಲುಗಾವಲು ತಲೆಮಾರುಗಳಿಂದ ಉಳಿದಿದೆ ಅಂದರೆ ಆ ಕಟ್ಟಳೆಯ ತೂಕ ಎಷ್ಟಿರಬೇಕು, ಯೋಚಿಸಿ.

ಮನೆ ಕಟ್ಟುವುದರಲ್ಲೂ ಅದೇ ಅಚ್ಚುಕಟ್ಟು. ನಡುವೆ ಒಂದು ದಪ್ಪ ಕಂಬ, ಅದರಿಂದ ಛತ್ರಿ ಕಡ್ಡಿಯಂತೆ ಹರಡಿದ ಆಸರೆಗಳು, ಮೊಳೆಯ ಬಳಕೆ ಇಲ್ಲ. ಒಂದು ಪಕ್ಕ ದನ, ಇನ್ನೊಂದು ಪಕ್ಕ ಜನ. ನೆಲ ಸೆಗಣಿ ಸಾರಿಸಿ ಉಜ್ಜಿ ಉಜ್ಜಿ ಹೊಳೆಯುತ್ತಿರುತ್ತದೆ.

ಆ ಕಂಬವನ್ನು ಕೆತ್ತಿ ನಿಲ್ಲಿಸುತ್ತಿದ್ದವರು ಫುಗಾ ಎಂಬ ಮರಗೆಲಸದ ಸಮುದಾಯದವರು. ಅವರಿಲ್ಲದೆ ಮನೆಯೂ ಏಳುತ್ತಿರಲಿಲ್ಲ, ಹಳೆಯ ಪೂಜೆಗಳೂ ನಡೆಯುತ್ತಿರಲಿಲ್ಲ. ಆದರೂ ಅವರಿಗೆ ಭೂಮಿ ಇಟ್ಟುಕೊಳ್ಳುವ ಹಕ್ಕಿರಲಿಲ್ಲ, ಬೇರೆಯವರು ಅವರಲ್ಲಿ ಮದುವೆ ಸಂಬಂಧ ಬೆಳೆಸುತ್ತಿರಲಿಲ್ಲ. ಕಮ್ಮಾರರಿಗೂ ಚರ್ಮ ಹದ ಮಾಡುವವರಿಗೂ ಇದೇ ಪಾಡು. ಕಾನೂನು ಬದಲಾಗಿದೆ, ಮನಸ್ಸುಗಳು ಪೂರ್ತಿ ಬದಲಾಗಿಲ್ಲ. ಗುರಾಗೆ ಸಮಾಜವನ್ನು ಸಮಾನತೆಯ ಸ್ವರ್ಗ ಅಂತ ಬಣ್ಣಿಸುವ ಬರಹಗಳನ್ನು ಓದುವಾಗ ಫುಗಾಗಳನ್ನು ನೆನಪಿಟ್ಟುಕೊಳ್ಳಬೇಕು.

ರಾಜನಿಲ್ಲದ ಜನ ಜಗಳ ತೀರಿಸಿಕೊಂಡದ್ದು ಹೇಗೆ? ‘ಕಿಚಾ’ ಎಂಬ ಬಾಯಿಮಾತಿನ ಕಾನೂನಿನಿಂದ. ಏಳು ಮನೆಯವರ ಹಿರಿಯರು ಚಾಹಾ ನಾಡಿನ ಯೆಜೊಕಾ ಎಂಬ ಬಯಲಿನಲ್ಲಿ ಮರದ ನೆರಳಲ್ಲಿ ಸೇರುತ್ತಿದ್ದರು. ಕಿಸ್ತಾನೆಯವರಿಗೆ ‘ಗೊರ್ದೆನಾ ಸೆರಾ’ ಅಂತ ಬೇರೆ ಕಟ್ಟಳೆ ಇತ್ತು. ಎರಡೂ ಕಡೆಯವರ ಮಾತು ಕೇಳುತ್ತಾರೆ, ಸಾಕ್ಷಿ ಕೇಳುತ್ತಾರೆ, ಪ್ರಮಾಣ ಮಾಡಿಸುತ್ತಾರೆ, ಒಮ್ಮತ ಬರುವ ತನಕ ಎಬ್ಬಿಸುವುದಿಲ್ಲ. ಕೊಲೆಯಾದರೆ ಕೊಂದವನ ಕುಲವೇ ಹೊಣೆ. ಹಿರಿಯರು ನಡುವೆ ಓಡಾಡಿ ಪರಿಹಾರ ಗೊತ್ತು ಮಾಡಿ ಎರಡು ಮನೆತನಗಳನ್ನು ಕೂಡಿಸುವ ತನಕ ಆ ಕಡೆಯವರು ಈ ಕಡೆ ತಲೆ ಹಾಕುವಂತಿಲ್ಲ. ಒಪ್ಪದವನಿಗೆ ಜೈಲಿಲ್ಲ, ಆದರೆ ಬೆಂಕಿ ಕೊಡುವವರಿಲ್ಲ, ಹೆಣ ಹೊರುವವರಿಲ್ಲ. ಸರಕಾರಿ ಕೋರ್ಟು ಬಂದಮೇಲೂ ಇದು ನಿಂತಿಲ್ಲ. ಕೋರ್ಟಿನ ಖರ್ಚು, ಅಲೆದಾಟ ನೋಡಿದವರು ಹಿರಿಯರ ಕಡೆಗೇ ತಿರುಗುತ್ತಾರೆ.

ಆ ಮರದಡಿ ಕೂರುತ್ತಿದ್ದವರು ಗಂಡಸರು ಮಾತ್ರ. ಆ ಕಟ್ಟನ್ನು ಕೆಣಕಿದ ಹೆಣ್ಣಿನ ಹೆಸರು ಯೆಕಾಕೆ ವೊರ್ದ್ವೊತ್. 19ನೇ ಶತಮಾನದ ನಡುಭಾಗದವಳು. ಗಂಡ ಎಷ್ಟು ಬೇಕಾದರೂ ಮದುವೆಯಾಗಬಹುದು, ಹೆಂಡತಿ ಮಾತ್ರ ಅವನು ಬಿಡುಗಡೆ ಕೊಡದ ಹೊರತು ಬೇರೆ ಮದುವೆಯಾಗುವಂತಿಲ್ಲ ಅನ್ನುವ ಕಟ್ಟಳೆ ಆಗ ಇತ್ತು. ಅವಳು ಹೆಂಗಸರನ್ನು ಕಟ್ಟಿಕೊಂಡು ನೇರ ಯೆಜೊಕಾ ಸಭೆಗೇ ಹೋದಳು. ಮೆಚ್ಚಿದವನನ್ನು ಮದುವೆಯಾಗುವ ಹಕ್ಕು, ಬೇಡವಾದರೆ ಬಿಟ್ಟು ಬರುವ ಹಕ್ಕು, ಒಬ್ಬನಿಗೆ ಒಬ್ಬಳೇ ಹೆಂಡತಿ. ಇವು ಅವಳ ಬೇಡಿಕೆಗಳು. ಹಿರಿಯರು ಎಲ್ಲವನ್ನೂ ಒಪ್ಪಲಿಲ್ಲ. ಆದರೆ ಕಥೆ ಉಳಿಯಿತು. ಆಡಿಸ್ ಅಬಾಬಾದ ರಾಷ್ಟ್ರೀಯ ರಂಗಮಂದಿರದಲ್ಲಿ ಅವಳ ಬದುಕು ನಾಟಕವಾಗಿ ಬಂತು. ಈಗ ಇಥಿಯೋಪಿಯಾದಲ್ಲಿ ಹೆಣ್ಣಿನ ಹಕ್ಕಿನ ಮಾತು ಬಂದಾಗ ಅವಳ ಹೆಸರು ಬರುತ್ತದೆ.

ಹಳೆಯ ದೈವಗಳ ವಿಷಯ ಒಂದೆರಡು ಮಾತು. ಯುದ್ಧಕ್ಕೂ ಆಕಾಶಕ್ಕೂ ವಾಕ್, ಗುಡುಗು ಸಿಡಿಲಿಗೆ ಬೊಝಾ, ಹೆಂಗಸರಿಗೆ ದಮ್ವಾಮ್ವಿತ್ ಎಂಬ ದೇವಿ. ಕದ್ದವನ ಮನೆಗೆ ಬೊಝಾ ಸಿಡಿಲು ಹಾಕುತ್ತಾನೆ ಅನ್ನುವ ಭಯ ಕಾವಲುಗಾರನ ಕೆಲಸ ಮಾಡುತ್ತಿತ್ತು. ಚರ್ಚು ಮಸೀದಿಗಳು ಬಂದಮೇಲೆ ಈ ಪೂಜೆಗಳು ಬಹುಮಟ್ಟಿಗೆ ಮರೆಯಾದವು. ಚಾಹಾ ನಾಡಿನ ಅಬ್ರೆತ್ ಈಗ ಸೂಫಿ ಪರಂಪರೆಯ ದೊಡ್ಡ ಕೇಂದ್ರ.

ಸೋಲು, ತೆರಿಗೆ, ಪೇಟೆ

19ನೇ ಶತಮಾನ ಗುರಾಗೆಗಳಿಗೆ ಕೆಟ್ಟ ಕಾಲ. ಗುಲಾಮರ ವ್ಯಾಪಾರಿಗಳು ಈ ಬೆಟ್ಟಗಳಿಂದ ಜನರನ್ನು ಹಿಡಿದು ಕೆಂಪು ಸಮುದ್ರದಾಚೆಗೆ ಮಾರುತ್ತಿದ್ದರು. ಒಗ್ಗಟ್ಟಿನ ಸೈನ್ಯ ಇರಲಿಲ್ಲ. ಈಗಿನ ಆಡಿಸ್ ಅಬಾಬಾ ಸುತ್ತಲಿನ ಶೆವಾ ನಾಡಿನ ದೊರೆ ಮೆನೆಲಿಕ್ ದಕ್ಷಿಣಕ್ಕೆ ಕೈ ಚಾಚಿದಾಗ ಕಿಸ್ತಾನೆಯವರು 1870ರ ದಶಕದಲ್ಲೇ ಹೆಚ್ಚು ಕಾದಾಡದೆ ಒಪ್ಪಿಕೊಂಡರು. ಪಶ್ಚಿಮದವರು ಒಪ್ಪಲಿಲ್ಲ. ಪಕ್ಕದ ಕಬೆನಾ ನಾಡಿನ ಹಸನ್ ಎಂಜಾಮೊ ಎಂಬ ಮುಸ್ಲಿಂ ನಾಯಕ ವರ್ಷಗಟ್ಟಲೆ ಎದುರು ನಿಂತ. ಮೆನೆಲಿಕ್‌ನ ಸೇನಾಪತಿ ರಾಸ್ ಗೊಬನಾ 1889ರ ಹೊತ್ತಿಗೆ ಆ ಪ್ರತಿರೋಧ ಮುರಿದ.

ಸೋಲಿನ ಹಿಂದೆಯೇ ತೆರಿಗೆ ಬಂತು. ತೆರಿಗೆಗೆ ನಗದು ಬೇಕು, ಎನ್ಸೆಟ್ ತೋಟದಲ್ಲಿ ನಗದು ಬೆಳೆಯುವುದಿಲ್ಲ. ಇತ್ತ 1886ರಲ್ಲಿ ಹುಟ್ಟಿದ ಆಡಿಸ್ ಅಬಾಬಾಕ್ಕೆ ಕೂಲಿಗಳು ಬೇಕಿದ್ದರು. ಗಂಡಸರು ನಡೆದೇ ಹೊರಟರು. ಮಣ್ಣು ಹೊತ್ತರು, ಕಟ್ಟಿಗೆ ಒಡೆದರು, ಮೂಟೆ ಹೊತ್ತರು. ರಾಜಧಾನಿಯಲ್ಲಿ ಒಂದು ಕಾಲಕ್ಕೆ ಗುರಾಗೆ ಅಂದರೆ ಹಮಾಲಿ ಅಂತಲೇ ಅರ್ಥ, ಅದೂ ತಾತ್ಸಾರದ ದನಿಯಲ್ಲಿ. ಮುಂದಿನ ತಲೆಮಾರಿನ ಹುಡುಗರು ಬೂಟ್ ಪಾಲಿಶ್ ಡಬ್ಬಿ ಹಿಡಿದರು. ಇಥಿಯೋಪಿಯಾದ ಮಹಾನ್ ಗಾಯಕ ಮಹಮೂದ್ ಅಹ್ಮದ್ ಗುರಾಗೆ ಮೂಲದವರು, ಅವರೂ ಚಿಕ್ಕಂದಿನಲ್ಲಿ ಬೂಟ್ ಪಾಲಿಶ್ ಮಾಡಿದವರೇ.

1936ರಿಂದ 1941ರ ತನಕ ಇಟಲಿಯವರು ದೇಶವನ್ನು ಹಿಡಿದಿದ್ದಾಗ ಸ್ಥಳೀಯರ ಮಾರುಕಟ್ಟೆಯನ್ನು ಊರ ನಡುವಿನಿಂದ ಎತ್ತಿ ಪಶ್ಚಿಮಕ್ಕೆ ಹಾಕಿದರು. ಅದೇ ಮರ್ಕಾಟೊ. ಆಗ ದೊಡ್ಡ ವ್ಯಾಪಾರವೆಲ್ಲ ಅರಬ್ಬರು ಮತ್ತಿತರ ಹೊರಗಿನವರ ಕೈಯಲ್ಲಿತ್ತು. ಅವರ ಅಂಗಡಿ ಮುಂದೆ ತಲೆಹೊರೆ ಇಟ್ಟುಕೊಂಡು ಮಾರುತ್ತಿದ್ದ ಗುರಾಗೆ, ಕಟ್ಟೆ ಅಂಗಡಿ ಹಾಕಿದ. ಆಮೇಲೆ ಬಾಡಿಗೆ ಅಂಗಡಿ. 1960ರ ದಶಕದ ಹೊತ್ತಿಗೆ ಮರ್ಕಾಟೊದಲ್ಲಿ ಗುರಾಗೆಗಳದೇ ಮೇಲುಗೈ.

ಬಂಡವಾಳ ಎಲ್ಲಿಂದ ಬಂತು? ಬ್ಯಾಂಕು ಹಮಾಲಿಗೆ ಸಾಲ ಕೊಡುತ್ತಿರಲಿಲ್ಲ. ಇಲ್ಲಿ ಕೆಲಸಕ್ಕೆ ಬಂದದ್ದು ‘ಇಕುಬ್’. ನಮ್ಮ ಚೀಟಿ ವ್ಯವಹಾರ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ: ಇಪ್ಪತ್ತು ಮಂದಿ ವಾರ ವಾರ ದುಡ್ಡು ಹಾಕುತ್ತಾರೆ, ಸರದಿಯಲ್ಲಿ ಒಬ್ಬೊಬ್ಬರು ಪೂರ್ತಿ ಮೊತ್ತ ಎತ್ತುತ್ತಾರೆ. ಕಟ್ಟದೆ ಓಡಿಹೋಗುವವನು ಪೇಟೆಯಲ್ಲಿ ಅಡಗಿಕೊಳ್ಳಬಹುದು, ಆದರೆ ಊರಿನಲ್ಲಿ ಅವನ ಅಪ್ಪ ಅಮ್ಮ ಅದೇ ಜೆಫೊರೆಯ ಮೇಲೆ ಓಡಾಡಬೇಕಲ್ವಾ? ಹಾಗಾಗಿ ಓಡಿಹೋಗುವವರು ಕಡಿಮೆ. ‘ಇದ್ದಿರ್’ ಸಾವಿನ ಖರ್ಚಿನ ಸಂಘ. ಪರವೂರಿನಲ್ಲಿ ಸತ್ತರೆ ಹೂಳುವವರು ಯಾರು ಅನ್ನುವ ಭಯದಿಂದ ಹುಟ್ಟಿದ್ದು. ತಿಂಗಳಿಗೆ ಇಷ್ಟು ಅಂತ ಕಟ್ಟಿದರೆ ಸಾವಾದ ಮನೆಗೆ ದುಡ್ಡು, ಡೇರೆ, ಬೆಂಚು, ಕಾಫಿ ಕಪ್ಪುಗಳು, ಅಡಿಗೆ ಕೈಗಳು ಎಲ್ಲ ಬರುತ್ತವೆ. ಆಡಿಸ್ ಅಬಾಬಾದಲ್ಲಿ ಇದನ್ನು ಶುರು ಮಾಡಿದ್ದು ಗುರಾಗೆ ವಲಸಿಗರು ಅನ್ನುವುದು ಸಾಮಾನ್ಯ ನಂಬಿಕೆ. ಈಗ ಇಥಿಯೋಪಿಯಾದ ಎಲ್ಲ ಜನರ ನಡುವೆಯೂ ಇದ್ದಿರ್ ಇದೆ.

ಪೇಟೆಯ ದುಡ್ಡು ಪೇಟೆಯಲ್ಲೇ ಉಳಿಯಲಿಲ್ಲ. 1960ರ ದಶಕದ ಆರಂಭದಲ್ಲಿ ಕಿಸ್ತಾನೆಯವರೂ ಏಳು ಮನೆಯವರೂ ಬೇರೆ ಬೇರೆ ರಸ್ತೆ ನಿರ್ಮಾಣ ಸಂಘಗಳನ್ನು ಕಟ್ಟಿದರು. ಅಂಗಡಿಯವನು, ಹಮಾಲಿ, ಅಧಿಕಾರಿ ಎಲ್ಲರಿಂದಲೂ ವಂತಿಗೆ ಎತ್ತಿ, ಸರಕಾರದ ಪಾಲು ಕೇಳಿ ತಂದು ರಸ್ತೆ ಮಾಡಿಸಿದರು. ಆಡಿಸ್ ಅಬಾಬಾ ಪಕ್ಕದ ಆಲೆಮ್‌ಗೆನಾದಿಂದ ಬುಟಾಜಿರಾ ಮೇಲೆ ಹಾದು ವೊಲಾಯ್ತಾ ಸೊಡ್ಡೊ ಕಡೆಗೆ ಹೋಗುವ ಹೆದ್ದಾರಿಯ ಹಿಂದೆ ಅಂಥ ಸಂಘವಿದೆ. ಶಾಲೆಗಳೂ ಹೀಗೇ ಎದ್ದವು.

ಹಬ್ಬದ ಊಟ

ಕ್ರಿಸ್ತನ ಶಿಲುಬೆ ಸಿಕ್ಕಿದ ನೆನಪಿನ ಮೆಸ್ಕೆಲ್ ಇಡೀ ಇಥಿಯೋಪಿಯಾದ ಹಬ್ಬ. ಆದರೆ ಗುರಾಗೆ ನಾಡಿನಲ್ಲಿ ಅದರ ಗತ್ತೇ ಬೇರೆ. ದೊಡ್ಡ ಮಳೆಗಾಲ ಮುಗಿದು ಬಯಲು ಹಳದಿ ಹೂವಿನಿಂದ ತುಂಬಿರುತ್ತದೆ. ಹೆಂಗಸರು ತಿಂಗಳುಗಳಿಂದ ಬೆಣ್ಣೆ ಕೂಡಿಟ್ಟಿರುತ್ತಾರೆ. ಕೆಲವೆಡೆ ಅದಕ್ಕೂ ಸರದಿಯ ಗುಂಪುಗಳಿವೆ, ದುಡ್ಡಿನ ಬದಲು ಬೆಣ್ಣೆ ಕೂಡಿಸುವುದು. ಗಂಡಸರು ಎತ್ತಿಗೆ ದುಡ್ಡು ಹೊಂದಿಸುತ್ತಾರೆ, ಆಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದನ್ನು ತರುತ್ತಾರೆ. ಹಬ್ಬ ಒಂದು ದಿನದ್ದಲ್ಲ. ಒಂದು ಸಂಜೆ ಮಕ್ಕಳು ಮನೆ ಮುಂದೆ ಬೆಂಕಿ ಹಾಕುತ್ತಾರೆ, ಒಂದು ದಿನ ಸೊಪ್ಪು ಅಯಿಬ್‌ನ ಊಟ, ಒಂದು ದಿನ ಎತ್ತು ಕಡಿಯುವುದು. ಹಿರಿಯರು ಹರಸುತ್ತಾರೆ, ಮುನಿಸಿಕೊಂಡವರನ್ನು ಕೂರಿಸಿ ರಾಜಿ ಮಾಡಿಸುತ್ತಾರೆ, ಮದುವೆ ಮಾತುಕತೆ ನಡೆಯುತ್ತದೆ. ಮುಸ್ಲಿಂ ಗುರಾಗೆಗಳು ಹೀಗೆ ಊರಿಗೆ ಬರುವುದು ಬಕ್ರೀದ್ ಹೊತ್ತಿಗೆ. ಅದನ್ನು ಅವರು ‘ಅರೆಫಾ’ ಅನ್ನುತ್ತಾರೆ.

ಊಟದ ರಾಜ ‘ಕಿಟ್ಫೊ’. ಕೊಬ್ಬಿಲ್ಲದ ದನದ ಮಾಂಸವನ್ನು ಚೂರಿಯಿಂದ ನುಣ್ಣಗೆ ಕೊಚ್ಚುತ್ತಾರೆ. ಮಸಾಲೆ ಹಾಕಿ ಕಾಯಿಸಿದ ತುಪ್ಪ ಬೆರೆಸುತ್ತಾರೆ. ಮೇಲೆ ‘ಮಿಟ್‌ಮಿಟಾ’, ಅಂದರೆ ಸೂಜಿಮೆಣಸಿನಂಥ ಖಾರದ ಮೆಣಸಿಗೆ ಇಥಿಯೋಪಿಯಾದ ಏಲಕ್ಕಿ, ಉಪ್ಪು ಸೇರಿಸಿ ಕುಟ್ಟಿದ ಪುಡಿ. ಒಲೆಗೆ ಇಡುವುದೇ ಇಲ್ಲ, ಹಸಿಯಾಗಿಯೇ ತಿನ್ನುವುದು. ತುಸು ಬಿಸಿ ಮುಟ್ಟಿಸಿದರೆ ಅದಕ್ಕೆ ‘ಲೆಬ್ ಲೆಬ್’ ಅನ್ನುತ್ತಾರೆ. ಪಕ್ಕದಲ್ಲಿ ಬಿಳಿ ಅಯಿಬ್, ಹಸಿರು ಸೊಪ್ಪು, ತೆಳ್ಳಗೆ ಬೇಯಿಸಿದ ಕೊಚೊ. ಪಿಷ್ಟ ಮಾತ್ರ ಇರುವ ರೊಟ್ಟಿಗೆ ಪ್ರೋಟೀನು, ಕೊಬ್ಬು, ಸೊಪ್ಪು ಮೂರೂ ಒಂದೇ ಎಲೆಯ ಮೇಲೆ ಬಂದು ಕೂತವು. ಇವತ್ತು ಆಡಿಸ್ ಅಬಾಬಾದಿಂದ ವಾಷಿಂಗ್ಟನ್ ತನಕ ಯಾವ ಇಥಿಯೋಪಿಯನ್ ಹೋಟೆಲಿಗೆ ಹೋದರೂ ಮೆನುವಿನಲ್ಲಿ ಕಿಟ್ಫೊ ಇರುತ್ತದೆ. ಅದರ ತವರು ಗುರಾಗೆ ಅಂತ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಈಗಿನ ತೊಡಕು

2007ರ ಜನಗಣತಿಯಲ್ಲಿ ಗುರಾಗೆ ಅಂತ ಬರೆಸಿದವರು ಸುಮಾರು 18.67 ಲಕ್ಷ. ಅದೇ ಗಣತಿಯ ಪ್ರಕಾರ ಆಡಿಸ್ ಅಬಾಬಾದ ನೂರಕ್ಕೆ 16 ಮಂದಿ ಗುರಾಗೆಗಳು. ಅಂದರೆ ಒಟ್ಟು ಗುರಾಗೆಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಬ್ಬರು ರಾಜಧಾನಿಯಲ್ಲೇ ಇದ್ದರು.

ಇಂಥ ಜನಕ್ಕೆ 1995ರ ಸಂವಿಧಾನ ಹೊಸ ಪ್ರಶ್ನೆ ತಂದಿಟ್ಟಿತು. ಅದು ದೇಶವನ್ನು ಜನಾಂಗ, ಭಾಷೆಗಳ ಆಧಾರದ ಮೇಲೆ ಹಂಚಿತು. ಒಂದು ಜನಾಂಗಕ್ಕೆ ಒಂದು ಭಾಷೆ, ಒಂದು ಗಡಿ ಇರುತ್ತದೆ ಅನ್ನುವ ಲೆಕ್ಕ ಅದರ ಹಿಂದಿದೆ. ಗುರಾಗೆ ಆ ಲೆಕ್ಕಕ್ಕೆ ಕೂರುವ ಜನವಲ್ಲ. ಮೊದಲು ಹೊರಗೆ ಹೋದವರು ಸಿಲ್ಟೆ. ನಾವು ಗುರಾಗೆಗಳ ಒಂದು ಭಾಗವೋ ಬೇರೆಯೇ ಜನವೋ ಅಂತ 2001ರಲ್ಲಿ ಜನಮತ ನಡೆಯಿತು, ಬೇರೆಯೇ ಅಂತ ತೀರ್ಮಾನವಾಯಿತು. 2007ರ ಗಣತಿಯಲ್ಲಿ ಸುಮಾರು 9.4 ಲಕ್ಷ ಜನ ಸಿಲ್ಟೆ ಅಂತಲೇ ಬರೆಸಿದರು. ಜನಮತದಿಂದ ಒಂದು ಸಮುದಾಯದ ಗುರುತನ್ನೇ ಬದಲಿಸಿದ ಉದಾಹರಣೆಗಳು ಲೋಕದಲ್ಲಿ ಹೆಚ್ಚಿಲ್ಲ. ಬುಟಾಜಿರಾ ಸುತ್ತ ಮೆಸ್ಕಾನ್ ಮತ್ತು ನೆರೆಯ ಮರೆಕೊ ಜನರ ನಡುವೆ 2018ರಲ್ಲಿ ರಕ್ತ ಹರಿಯಿತು.

ಅದೇ 2018ರಲ್ಲಿ ಗುರಾಗೆ ವಲಯದ (ವಲಯ ಅಂದರೆ ರಾಜ್ಯದೊಳಗಿನ ಜಿಲ್ಲೆಯಂಥ ಆಡಳಿತ ಘಟಕ) ಪರಿಷತ್ತು ನಮಗೆ ಸ್ವಂತ ರಾಜ್ಯ ಬೇಕು ಅಂತ ನಿರ್ಣಯ ಮಾಡಿತು. ಕೇಂದ್ರ ಸರಕಾರ ಸುತ್ತಮುತ್ತಲಿನ ವಲಯಗಳನ್ನೆಲ್ಲ ಒಂದು ರಾಜ್ಯಕ್ಕೆ ಕೂಡಿಸಲು ಹೊರಟಾಗ, 2022ರಲ್ಲಿ ವೊಲ್ಕಿಟೆಯ ಜನ ಅಂಗಡಿ ಮುಚ್ಚಿ, ವಾಹನ ನಿಲ್ಲಿಸಿ, ಬೀದಿಗೇ ಇಳಿಯದೆ ಮನೆಯಲ್ಲಿ ಕೂತು ಪ್ರತಿಭಟಿಸಿದರು. ಫಲ ಸಿಗಲಿಲ್ಲ. 2023ರ ಆಗಸ್ಟ್‌ನಲ್ಲಿ ‘ಮಧ್ಯ ಇಥಿಯೋಪಿಯಾ’ ಎಂಬ ರಾಜ್ಯ ಹುಟ್ಟಿತು. ಹದಿಯಾ, ಸಿಲ್ಟೆ, ಕೆಂಬಾಟಾ ಮೊದಲಾದವರ ಜೊತೆ ಗುರಾಗೆಗಳೂ ಅದರೊಳಗೆ ಬಂದರು. ಅವರ ವಲಯವೂ ಎರಡಾಯಿತು: ವೊಲ್ಕಿಟೆಯದು ಗುರಾಗೆ ವಲಯ, ಬುಟಾಜಿರಾದ್ದು ಪೂರ್ವ ಗುರಾಗೆ ವಲಯ. ಸ್ವಂತ ರಾಜ್ಯ ಬೇಕು ಅನ್ನುವವರು ಸುಮ್ನಾಗಿಲ್ಲ. ರಾಜ್ಯ ಬಂದರೂ ಯಾವ ನುಡಿಯಲ್ಲಿ ಆಡಳಿತ ನಡೆಸುವುದು, ಚಾಹಾದಲ್ಲೋ, ಕಿಸ್ತಾನೆಯಲ್ಲೋ, ಈಗಿರುವ ಅಮ್ಹಾರಿಕ್‌ನಲ್ಲೋ ಅನ್ನುವುದನ್ನು ಅವರು ಇನ್ನೂ ತಮ್ಮತಮ್ಮಲ್ಲೇ ಕೂತು ತೀರಿಸಿಕೊಳ್ಳಬೇಕಿದೆ.